ಮೆಟ್ಟಿಲ ಬುಡದ ಮೊದಲ ಎಲೆ

ಏಕಾದಶಿಯ ಉಪವಾಸಕ್ಕೆ ಸಾಬುದಾಣೆ ಖಿಚಡಿ ತಿನ್ನುವವರ ಮುಂದೆ ನಿಂತು, ನಿಮ್ಮ ತಟ್ಟೆಯಲ್ಲಿ ಜೀರಿಗೆ ಮತ್ತು ತುಪ್ಪ ಬಿಟ್ಟರೆ ಬೇರೇನೂ ನಮ್ಮದಲ್ಲ ಎಂದು ಹೇಳುವುದು ನನಗೆ ಬಹಳ ಖುಷಿ ಕೊಡುತ್ತಿತ್ತು. ಸಾಬುದಾಣೆಯ ಮರಗೆಣಸು, ಶೇಂಗಾ, ಬಟಾಟೆ, ಹಸಿಮೆಣಸು, ಎಲ್ಲವೂ ಸಮುದ್ರದಾಚೆಯಿಂದ ಹಡಗು ಹತ್ತಿ ಬಂದವು. ದೇಶದ ಮೊದಲ ರೈಲು ಓಡಿದ್ದು ಥಾಣೆಗೆ ಎಂದು ಎದೆಯುಬ್ಬಿಸುವವರಿಗೆ, ಜನ ಕೂತ ರೈಲು ಎನ್ನಿ, ಅದಕ್ಕೂ ಮೊದಲೇ ಮದ್ರಾಸಿನ ಹತ್ತಿರ ಹಳಿಯ ಮೇಲೆ ಕಲ್ಲು ಸಾಗಿಸುತ್ತಿದ್ದರು ಎನ್ನುತ್ತಿದ್ದೆ. ಹಾವು ಏಣಿ ಆಟವನ್ನು ಇಂಗ್ಲಿಷರದೆಂದು ತಿಳಿದಿದ್ದವರಿಗೆ, ಅದು ಪಾಪಪುಣ್ಯದ ಪಾಠಕ್ಕೆಂದು ನಮ್ಮಲ್ಲೇ ಹುಟ್ಟಿ ಆಮೇಲೆ ಅಲ್ಲಿಗೆ ಹೋದ ಪಟ ಎಂದು ವಿವರಿಸುತ್ತಿದ್ದೆ.

ನಾನು ಥಾಣೆಯ ಒಂದು ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ಕಲ್ಯಾಣದಲ್ಲಿ ಮಗಳ ಜೊತೆ ಇದ್ದೇನೆ. ಡೊಂಬಿವಲಿಯ ನಮ್ಮ ಸಣ್ಣ ಕನ್ನಡ ಸಂಘದಲ್ಲಿ, ತಿಂಗಳ ಸಭೆಯ ಕೊನೆಗೆ ಹತ್ತು ನಿಮಿಷ ನನ್ನದೆಂದು ಬಿಟ್ಟಿರುತ್ತಿದ್ದರು. ಯಾವುದಾದರೂ ಪದ್ಧತಿ, ಆಟ, ತಿಂಡಿ ಎತ್ತಿಕೊಂಡು ಅದರ ನಿಜವಾದ ಹುಟ್ಟು ಹೇಳುತ್ತಿದ್ದೆ. ಜನ ಬಾಯಿಯ ಮೇಲೆ ಕೈಯಿಟ್ಟು ನಗುತ್ತಿದ್ದರು. "ಟೀಚರ್ ನಮ್ಮ ಉಪವಾಸಾನೂ ಕೆಡಿಸಿದ್ರು" ಎಂದು ಹೆಂಗಸರು ದೂರುತ್ತಲೇ ಮುಂದಿನ ತಿಂಗಳೂ ಬರುತ್ತಿದ್ದರು. ಬೇರೆಯವರ ಸುಳ್ಳು ಬಯಲಾಗುವಾಗ ಎಲ್ಲರಿಗೂ ನಗು ಬರುತ್ತದೆ. ಇದು ನನಗೆ ತಡವಾಗಿ ಅರ್ಥವಾಯಿತು.

ಸಂಘಕ್ಕೆ ತನ್ನದೇ ಒಂದು ಪದ್ಧತಿ ಇತ್ತು. ನವರಾತ್ರಿಯ ಶಾರದಾ ಪೂಜೆಯ ದಿನ, ಮಧ್ಯಾಹ್ನದ ಊಟಕ್ಕೆ ಮೇಲಿನ ಹಾಲ್‌ನಲ್ಲಿ ಸಾಲು ಕೂರುವ ಮೊದಲು, ಕೆಳಗೆ ಮೆಟ್ಟಿಲ ಬುಡದಲ್ಲಿ ಒಂದು ಬಾಳೆಲೆ ಹಾಕುತ್ತಾರೆ. ಉಪ್ಪಿನಿಂದ ಪಾಯಸದವರೆಗೆ ಎಲ್ಲವನ್ನೂ ಆ ಎಲೆಗೆ ಬಡಿಸಿದ ಮೇಲೆಯೇ ಬಡಿಸುವವರು ಮೇಲೆ ಹತ್ತಬೇಕು. ಯಾಕೆ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ನಾವು ಪರವೂರಿಂದ ಬಂದವರು, ಈ ಜಾಗದ ಒಡತಿ ಒಬ್ಬಳಿದ್ದಾಳೆ, ಅವಳಿಗೆ ಮೊದಲು ಬಡಿಸದೆ ನಾವು ಉಣ್ಣಬಾರದು. ಮರಾಠಿ ನೆರೆಯವರಿಗೂ ಇದು ಒಪ್ಪಿಗೆಯ ಮಾತು. ಅವರಲ್ಲೂ ಜಾಗೆವಾಲಾ ಎಂದು ಸ್ಥಳವನ್ನು ಕಾಯುವ ದೇವರಿದ್ದಾನೆ. ಮೊದಲು ಬರೀ ಎಲೆ ಇತ್ತು. ಆಮೇಲೆ ಅದರ ಪಕ್ಕ ಒಂದು ದೀಪ ಬಂತು, ರಂಗೋಲಿ ಬಂತು, ಒಂದು ವರ್ಷ ಪೂಜೆಯ ಭಟ್ಟರು ಎರಡು ಸಾಲು ಮಂತ್ರವನ್ನೂ ಸೇರಿಸಿದರು.

ಆ ಎಲೆ ನನ್ನದು.

ಸಂಘ ಹುಟ್ಟಿದ ಮರುವರ್ಷ ನಾನು ನಾಲ್ಕನೇ ಕ್ಲಾಸು. ಅಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ಅಮ್ಮ ಮನೆಮನೆಗೆ ಹೋಗಿ ಮಸಾಲೆ ಅರೆದು ಕೊಡುತ್ತಿದ್ದಳು. ನಮ್ಮದು ಯಾವ ಜಾತಿ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅಷ್ಟನ್ನೇ ಓದುತ್ತಾರೆ. ಪೂಜೆಯ ಅಡುಗೆಗೆ ಹೋಟೆಲಿನ ಅಡುಗೆ ಭಟ್ಟರು ಬಂದಿದ್ದರು. ಕಾಯಿ ತುರಿಯಲು, ಕುಂಬಳಕಾಯಿ ಹೆಚ್ಚಲು ಅಮ್ಮನನ್ನೂ ಇನ್ನೂ ಮೂವರು ಹೆಂಗಸರನ್ನೂ ಕರೆದಿದ್ದರು. ಆಗ ಸಂಘಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಒಂದು ಶಾಲೆಯ ಮೊದಲ ಮಾಳಿಗೆಯಲ್ಲಿ ಪೂಜೆ ಮತ್ತು ಊಟ, ಹಿಂದಿನ ತಗಡಿನ ಚಪ್ಪರದಲ್ಲಿ ಅಡುಗೆ. ಎರಡರ ನಡುವೆ ಇಬ್ಬರು ಅಕ್ಕಪಕ್ಕ ನಡೆಯಲಾಗದಷ್ಟು ಇಕ್ಕಟ್ಟಿನ ಮೆಟ್ಟಿಲು.

ನನ್ನ ಕ್ಲಾಸಿನ ಗೆಳತಿಯೊಬ್ಬಳು ಮೇಲೆ ಸಾಲಿನಲ್ಲಿ ಕೂತಿದ್ದಳು. ಬಾ ಎಂದು ಕರೆದಳು, ಹೋಗಿ ಪಕ್ಕ ಕೂತೆ. ನನ್ನ ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿದ್ದಿತ್ತು. ಆಗ ಕಮಿಟಿಯ ಒಬ್ಬರು ಬಂದರು. ಸ್ವಂತ ಹೋಟೆಲು ಇದ್ದ ಮನುಷ್ಯ, ವಯಸ್ಸು ಮೂವತ್ತು ದಾಟಿರಬೇಕು. ಜರಿ ಅಂಚಿನ ಪಂಚೆ ಉಟ್ಟಿದ್ದರು. "ಇದು ಅರೆಯುವವಳ ಮಗಳಲ್ವಾ? ಇಲ್ಲಿ ಕೂರಿಸಿದ್ದು ಯಾರು?" ಎಂದು ಕೇಳಿ, ನನ್ನ ರಟ್ಟೆ ಹಿಡಿದು ಎಬ್ಬಿಸಿ, ಬಾಗಿಲ ಹೊರಗೆ ತಂದು ಬಿಟ್ಟರು. ನೋವಾಗುವ ಹಾಗೆ ಹಿಡಿದಿರಲಿಲ್ಲ. ಬೆಕ್ಕಿನ ಮರಿಯನ್ನು ಎತ್ತಿ ಹೊರಗಿಡುತ್ತಾರಲ್ಲ, ಹಾಗೆ. ಗೆಳತಿ ತನ್ನ ಎಲೆಯನ್ನೇ ನೋಡುತ್ತಾ ಕೂತಿದ್ದಳು.

ಕೆಳಗಿಳಿದು ಅಮ್ಮನಿಗೆ ಹೇಳಿದೆ. ಅವಳು ಕೈ ತೊಳೆದುಕೊಂಡಳು. ಮೇಲೆ ಹೋದಳು. ಸಾಲಿನ ನಡುವಿನಿಂದ ನನ್ನ ಎಲೆಯನ್ನು, ಅದರ ಮೇಲಿದ್ದ ಉಪ್ಪು ಕೋಸಂಬರಿ ಸಮೇತ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮೆಟ್ಟಿಲ ಬುಡದಲ್ಲಿ ಹಾಸಿದಳು. ನನ್ನನ್ನು ಅದರ ಮುಂದೆ ಕೂರಿಸಿ, ತಾನು ಮೊದಲ ಮೆಟ್ಟಿಲ ಮೇಲೆ ನಿಂತಳು.

ಅನ್ನದ ಬುಟ್ಟಿ, ಸಾರಿನ ಬಕೆಟ್ಟು ಹಿಡಿದು ಮಡಿಯುಟ್ಟ ನಾಲ್ವರು ಬಂದು ನಿಂತರು. ಹತ್ತಬೇಕಾದರೆ ಅಮ್ಮನಿಗೆ ಮೈ ತಾಗಿಸಿಯೇ ಹತ್ತಬೇಕು.

"ಸರಿ ಆಚೆ" ಎಂದರು ಒಬ್ಬರು.

"ನಾನು ಯಾರನ್ನೂ ಹಿಡಿದುಕೊಂಡಿಲ್ಲ. ಹೋಗುವವರು ಹೋಗಿ" ಎಂದಳು ಅಮ್ಮ. "ಇಲ್ಲಾಂದ್ರೆ ನನ್ನ ಮಗಳಿಗೆ ಬಡಿಸಿ. ಮತ್ತೆ ನಾನು ಸರೀತೇನೆ."

ಮೇಲಿನಿಂದ ಕೂಗು ಕೇಳುತ್ತಿತ್ತು, ಅನ್ನ ಎಲ್ಲಿ, ಅನ್ನ ಎಲ್ಲಿ ಎಂದು. ಸಾರಿನ ಬಕೆಟ್ಟು ಹಿಡಿದವನ ಕೈ ಸುಡುತ್ತಿದ್ದಿರಬೇಕು, ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸುತ್ತಲೇ ಇದ್ದ. ಜರಿ ಪಂಚೆಯವರು ಮೇಲಿನ ಮೆಟ್ಟಿಲಿಗೆ ಬಂದು ಬೈದರು, ಹೋಟೆಲಿಗೆ ಹೇಳಿಸಿ ನಿನ್ನ ಗಂಡನ ಕೆಲಸ ತೆಗೆಸುತ್ತೇನೆ ಎಂದರು. ಅವರೂ ಕೆಳಗೆ ಇಳಿಯಲಿಲ್ಲ. ಅಷ್ಟೂ ಜನರಲ್ಲಿ ಅಮ್ಮನನ್ನು ಬದಿಗೆ ಸರಿಸಲು ಒಂದು ಕೈ ಮುಂದೆ ಬರಲಿಲ್ಲ, ಯಾಕೆಂದರೆ ಮುಟ್ಟಬೇಕಾಗುತ್ತಿತ್ತು. ಕೊನೆಗೆ ಅನ್ನದ ಬುಟ್ಟಿಯವನು ಬಗ್ಗಿ ನನಗೆ ಬಡಿಸಿದ. ಹಿಂದೆಯೇ ಸಾರು, ಪಲ್ಯ, ಪಾಯಸ. ಅಮ್ಮ ಇಳಿದು ದಾರಿ ಬಿಟ್ಟಳು. "ಉಣ್ಣು" ಎಂದಳು ನನಗೆ. ಆ ಊಟದ ರುಚಿ ನನಗೆ ನೆನಪಿಲ್ಲ. ಅಳುತ್ತಾ ನುಂಗಿದೆ.

ಅಪ್ಪ ಮರುದಿನ ಜರಿ ಪಂಚೆಯವರ ಹೋಟೆಲಿಗೆ ಹೋಗಿ ಕ್ಷಮೆ ಕೇಳಿ ಬಂದರು. ವಾರದಲ್ಲಿ ಆರು ದಿನ ಅಪ್ಪ ತಂದಿಟ್ಟ ಇಡ್ಲಿಯನ್ನು ತಿನ್ನುತ್ತಿದ್ದ ಜನವೇ ಮೇಲೆ ಸಾಲಿನಲ್ಲಿ ಕೂತವರೆಲ್ಲ. ಅಂದು ಅಮ್ಮ ಅಪ್ಪನಿಗೆ ಬಡಿಸಲಿಲ್ಲ. ಪಾತ್ರೆ ಮುಂದಿಟ್ಟು ಎದ್ದು ಹೋದಳು.

ಮರುವರ್ಷ ಅಮ್ಮನನ್ನು ಕರೆಯಲಿಲ್ಲ. ಆದರೆ ಇನ್ನೊಮ್ಮೆ ಗಲಾಟೆ ಬೇಡವೆಂದು, ಹೆಚ್ಚಲು ಬಂದ ಹೆಂಗಸರಿಗೆ ಮೆಟ್ಟಿಲ ಬುಡದಲ್ಲೇ ಮೊದಲು ಎಲೆ ಹಾಕಿಸಿದರಂತೆ. ಅಮ್ಮನ ಜೊತೆಗಿದ್ದ ಹೆಂಗಸೊಬ್ಬಳು ಬಂದು ಹೇಳಿದ್ದಳು. ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಕೇಟರಿಂಗ್‌ನವರು ಬಂದರು, ಹೆಚ್ಚುವ ಹೆಂಗಸರು ಬೇಡವಾದರು. ಎಲೆ ಮಾತ್ರ ಉಳಿಯಿತು. ಯಾರೂ ಕೂರದ ಈ ಎಲೆ ಯಾರಿಗೆ ಎಂದು ಹೊಸಬರು ಕೇಳಿದಾಗ ಯಾರೋ ಏನೋ ಒಂದು ಹೇಳಿರಬೇಕು.

ಸುಮಾರು ಇಪ್ಪತ್ತು ವರ್ಷಗಳ ನಂತರ ಸಂಘದವರೇ ನನ್ನನ್ನು ಕರೆದರು, ಕನ್ನಡ ಬಲ್ಲ ಟೀಚರ್ ಎಂದು. ಅಷ್ಟರಲ್ಲಿ ಕಾಲ ಬದಲಾಗಿತ್ತು, ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು, ನನ್ನ ಜಾತಿ ಯಾರೂ ಕೇಳಲಿಲ್ಲ. ಕರೆದರಲ್ಲ ಎಂಬ ಸಂತೋಷದಲ್ಲಿ ನಾನೂ ಏನೂ ಹೇಳಲಿಲ್ಲ. ಜಾಗದ ಒಡತಿಯ ಕಥೆ ಮೊದಲು ಕೇಳಿದ ದಿನ ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಅಂಚ ಪಂಡೆರಾ?" ಎಂದಳು, ಹಾಗೆ ಹೇಳಿದರಾ ಎಂದು ತುಳುವಿನಲ್ಲಿ. ಕೆಮ್ಮು ಬರುವವರೆಗೂ ನಕ್ಕಳು. ಮತ್ತೆ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಅದಾದ ಮೇಲೂ ಎಷ್ಟೋ ವರ್ಷ ನಾನು ಆ ಎಲೆಯ ಮುಂದೆ ಎಲ್ಲರ ಜೊತೆ ಕೈಮುಗಿದು ಮೇಲೆ ಹತ್ತಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಅಮ್ಮ ಹೋದಳು. ಸಂಘಕ್ಕೆ ಐವತ್ತು ತುಂಬಿತು. ಸ್ಮರಣ ಸಂಚಿಕೆ ಹೊರಟಿತು. ಕಾರ್ಯದರ್ಶಿ ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಮೃದು ಮಾತಿನ ಮನುಷ್ಯ. ಅವರು ಫೋನ್ ಮಾಡಿ, "ಟೀಚರ, ನಮ್ಮ ಮೊದಲ ಎಲಿ ಪದ್ಧತಿ ಅದ ಅಲ್ರೀ, ಅದರ ಮ್ಯಾಲ ನೀವ ಬರೀಬೇಕ್ರಿ. ಎಲ್ಲಾದರ ಮೂಲ ಹುಡುಕೋರು ನೀವು" ಎಂದರು.

ಒಪ್ಪಿಕೊಂಡೆ. ಇತಿಹಾಸ ಕಲಿಸಿದವಳು ಒಬ್ಬಳದೇ ನೆನಪಿನ ಮೇಲೆ ಬರೆಯಬಾರದು, ಇನ್ನೊಂದು ಸಾಕ್ಷಿ ಬೇಕು. ಆ ದಿನ ಅಲ್ಲಿದ್ದ ದೊಡ್ಡವರಲ್ಲಿ ನನಗೆ ಪತ್ತೆ ಸಿಕ್ಕಿದ್ದು ಜರಿ ಪಂಚೆಯವರೊಬ್ಬರದೇ. ಈಗ ಎಂಬತ್ತು ದಾಟಿದ್ದಾರೆ, ಸೀವುಡ್ಸ್‌ನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾರೆ ಎಂದು ತಿಳಿಯಿತು. ಥಾಣೆಯಲ್ಲಿ ಗಾಡಿ ಬದಲಿಸಿ ಪನ್ವೇಲ್ ಲೋಕಲ್ ಹಿಡಿದು ಹೋದೆ. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಂಡೆ. ಅವರು ಇಲ್ಲವೆಂದರೆ ಏನು ಹೇಳಬೇಕು, ಹೌದೆಂದು ತಲೆ ತಗ್ಗಿಸಿದರೆ ಏನು ಹೇಳಬೇಕು, ಎಲ್ಲವೂ ಸಿದ್ಧವಾಗಿತ್ತು.

ಸೊಸೆ ಕಾಫಿ ಕೊಟ್ಟಳು. ಅವರು ಕಿಟಕಿಯ ಬಳಿ ಶಾಲು ಹೊದ್ದು ಕೂತಿದ್ದರು. ಮೊದಲ ಎಲೆಯ ಬಗ್ಗೆ ಕೇಳಿದೊಡನೆ ಮುಖ ಅರಳಿತು.

"ಅದಾ? ಅದು ಸುರು ಮಾಡಿದ್ದೇ ನಾನು, ಗೊತ್ತುಂಟಾ? ಈ ದೇವಿ ಗೀವಿ ಎಲ್ಲ ಆಮೇಲೆ ಬಂದದ್ದು. ಒಂದು ಸಣ್ಣ ಹುಡುಗಿ. ಕೆಲಸದವಳ ಮಗಳು. ಮೇಲೆ ಸಾಲಲ್ಲಿ ಬಂದು ಕೂತಿತ್ತು, ಯಾರೋ ಎಬ್ಬಿಸಿಬಿಟ್ಟರು. ಮೆಟ್ಟಿಲ ಕೆಳಗೆ ಅಳ್ತಾ ಉಂಟು. ನನಗೆ ತಡೀಲಿಕ್ಕೆ ಆಗಲಿಲ್ಲ. ಮೊದಲು ಆ ಮಗುವಿಗೆ ಬಡಿಸಿ, ಮತ್ತೆ ನಮಗೆಲ್ಲ ಅಂದೆ."

ಅವರ ಕಣ್ಣಲ್ಲಿ ನೀರಿತ್ತು.

"ರಾಯರೇ, ಆ ಹುಡುಗಿ ನಾನೇ" ಎಂದೆ.

"ಹೌದಾ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಹಾಗಾದ್ರೆ ನಿನಗೆ ನೆನಪುಂಟಲ್ಲ! ಇವರಿಗೆಲ್ಲ ಹೇಳು ಮಾರಾಯ್ತಿ, ನಾನು ಹೇಳಿದ್ರೆ ಮನೆಯಲ್ಲಿ ಯಾರೂ ನಂಬುದಿಲ್ಲ."

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ನನ್ನನ್ನು ಎಬ್ಬಿಸಿದವರು ನೀವು. ರಟ್ಟೆ ಹಿಡಿದು. ನನ್ನ ಅಮ್ಮ ಮೆಟ್ಟಿಲಿಗೆ ಅಡ್ಡ ನಿಂತಳು."

"ಛೆ ಛೆ, ಅದು ಬೇರೆ ಯಾರೋ. ನಿನಗೆ ತಪ್ಪಿದ್ದು, ನೀನು ಸಣ್ಣವಳು ಅಲ್ವಾ ಆಗ. ಅಡ್ಡ ನಿಂತದ್ದು ಯಾರೂ ಇಲ್ಲ" ಎಂದರು. ಸುಳ್ಳು ಹೇಳುವವರ ಮುಖ ನನಗೆ ಗೊತ್ತು, ಮೂವತ್ತು ವರ್ಷ ಶಾಲೆಯಲ್ಲಿ ನೋಡಿದ್ದೇನೆ. ಇದು ಆ ಮುಖವಲ್ಲ. ಅವರು ಆ ದಿನವನ್ನು ಅಷ್ಟು ಸಲ ಒಳಗೇ ತಿದ್ದಿ ತಿದ್ದಿ ಬರೆದುಕೊಂಡಿದ್ದರು, ಮೂಲ ಪ್ರತಿ ಅವರ ಬಳಿಯೂ ಇರಲಿಲ್ಲ. ಜೋಡಿಸಿಕೊಂಡು ಬಂದಿದ್ದ ಯಾವ ಮಾತೂ ನನಗೆ ಉಪಯೋಗಕ್ಕೆ ಬರಲಿಲ್ಲ. ಕಾಫಿ ಕುಡಿಯದೆ ಎದ್ದೆ.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಅವರು ಹೇಳಿದ್ದನ್ನೂ ಹೆಸರಿಲ್ಲದೆ ಸೇರಿಸಿದೆ. ವಾರದ ನಂತರ ಕಾರ್ಯದರ್ಶಿಯ ಫೋನ್ ಬಂತು.

"ಭಾಳ ಚೊಲೋ ಬರದೀರಿ ಟೀಚರ. ಓದಿ ನನಗ ಕಣ್ಣಾಗ ನೀರ ಬಂತು. ಆದ್ರ ಇದು ಹಬ್ಬದ ಸಂಚಿಕಿ ಅಲ್ರೀ? ಮಂತ್ರಿಗಳು ಬರತಾರ. ಒಂದೀಟು ಅಡ್ಜಸ್ಟ್ ಮಾಡಿಕೊಡ್ರಿ."

"ಒಂದಕ್ಷರ ಮುಟ್ಟಬೇಡಿ. ಬೇಡವಾದರೆ ಹಾಕಲೇ ಬೇಡಿ" ಎಂದೆ.

"ಛೇ, ಹಂಗ್ಯಾಕ ಅಂತೀರಿ. ನೋಡೂಣು" ಎಂದರು.

ಅವರು ಹಾಕದೆ ಇರಲಿಲ್ಲ. ಸಂಚಿಕೆ ಅಂಚೆಯಲ್ಲಿ ಬಂತು. ಒಂದಿಡೀ ಪುಟ, ನನ್ನ ಫೋಟೋ, ಕೆಳಗೆ ನನ್ನ ಹೆಸರು, ನಿವೃತ್ತ ಇತಿಹಾಸ ಶಿಕ್ಷಕಿ ಎಂದು. ಮೇಲೆ ಜಾಗದ ಒಡತಿಯ ಕಥೆ. ನನ್ನ ಬರಹದಿಂದ ಉಳಿಸಿಕೊಂಡದ್ದು ಎರಡು ವಾಕ್ಯ: ಮೆಟ್ಟಿಲು ಇಕ್ಕಟ್ಟಾಗಿತ್ತು ಎಂಬುದು ಮತ್ತು ಅಡುಗೆಗೆ ಕುಂಬಳಕಾಯಿ ಇತ್ತು ಎಂಬುದು. ಮಗಳಿಗೆ ತೋರಿಸಿದೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಓದಿ ಹೇಳಿದೆ. "ಛೋಡ್ ನಾ ಮಮ್ಮಿ, ಕೌನ್ ಪಢ್ತಾ ಹೈ ಯೇ ಸಬ್" ಎಂದಳು. ಯಾರು ಓದುತ್ತಾರೆ ಎಂದರೆ, ಎಲ್ಲರೂ ಓದಿದ್ದರು. "ಟೀಚರೇ ಬರೆದ ಮೇಲೆ ಮುಗೀತು, ಅದೇ ನಿಜ" ಎಂದು ಒಬ್ಬರು ನನಗೇ ಫೋನ್ ಮಾಡಿ ಹೇಳಿದರು. ಕಾರ್ಯದರ್ಶಿಗೆ ಮೂರು ಸಲ ಕರೆ ಮಾಡಿದೆ. ಎತ್ತಲಿಲ್ಲ.

ಆ ವರ್ಷದ ಶಾರದಾ ಪೂಜೆಗೆ ಹೋಗುವಾಗ ನನಗೆ ಒಂದೇ ಉದ್ದೇಶ. ಎಲ್ಲರೆದುರು ಆ ಎಲೆಯ ಮುಂದೆ ಕೂತು ಉಂಡು, ಕೇಳಿದವರಿಗೆ ಬಾಯಿಬಿಟ್ಟು ಹೇಳುವುದು. ಬರೆದದ್ದನ್ನು ತಿದ್ದಬಹುದು, ಬಾಯಲ್ಲಿ ಹೇಳುವುದನ್ನು ತಿದ್ದಲಾರರು ಎಂದುಕೊಂಡಿದ್ದೆ.

ಸಂಘದ ಸ್ವಂತ ಕಟ್ಟಡದಲ್ಲಿ ಲಿಫ್ಟ್ ಇದೆ, ಆದರೂ ಎಲೆ ಮೆಟ್ಟಿಲ ಬುಡದಲ್ಲೇ. ದೀಪ ಹಚ್ಚಿದರು, ಬಡಿಸಿದರು, ಜನ ಕೈಮುಗಿದರು. ನಾನು ಜನರನ್ನು ಸರಿಸಿಕೊಂಡು ಹೋಗಿ ನೆಲದ ಮೇಲೆ ಕೂತೆ. ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಅಕ್ಟೋಬರ್ ತಿಂಗಳ ಸೆಕೆ, ಬೆಳಗಿನಿಂದ ಏನೂ ತಿಂದಿರಲಿಲ್ಲ, ಕೂರುವ ಗಡಿಬಿಡಿಯಲ್ಲಿ ತುರುಬು ಬಿಚ್ಚಿಹೋಗಿತ್ತು.

"ಟೀಚರ, ಏಳ್ರಿ, ಏನ್ ಮಾಡಾಕತ್ತೀರಿ?" ಕಾರ್ಯದರ್ಶಿ ಬಗ್ಗಿ ಪಿಸುಗುಟ್ಟಿದರು.

ಹೇಳಬೇಕೆಂದು ಅಚ್ಚುಕಟ್ಟಾಗಿ ಯೋಚಿಸಿಟ್ಟ ಕನ್ನಡ ಬಾಯಿಗೆ ಬರಲಿಲ್ಲ. "ಉಂದು ಎನ್ನ ಇರೆ!" ಎಂದು ಕೂಗಿದೆ. ಇದು ನನ್ನ ಎಲೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಮ್ಮನ ದನಿಯ ಹಾಗಿತ್ತು. "ಐವತ್ತು ವರ್ಷದಿಂದ ನನ್ನದು! ನನಗೆ ಬಡಿಸದೆ ನೀವು ಉಂಡಿದ್ದೀರಿ!"

ಹಿಂದಿನಿಂದ ಒಬ್ಬ ಹೆಂಗಸು ಕಿರುಚಿದಳು, "ದೇವಿ ಬಂದ್ಳು!"

ಮುಂದಿನದು ಬಹಳ ಬೇಗ ಆಯಿತು. ಯಾರೋ ಹಣೆಗೆ ಕುಂಕುಮ ಒತ್ತಿದರು, ಐದು ವರ್ಷದಿಂದ ಕುಂಕುಮವಿಲ್ಲದ ಹಣೆಗೆ. ಯಾರೋ ಆರತಿ ಎತ್ತಿದರು. ಇಬ್ಬರು ನನ್ನ ಕಾಲಿಗೆ ಬಿದ್ದರು. "ನಾನು ದೇವಿಯಲ್ಲ, ಅರೆಯುವವಳ ಮಗಳು!" ಎಂದು ಕೂಗಿದೆ. "ಏನಂತೆ, ಏನಂತೆ?" ಎಂದು ಹಿಂದಿನವರು ಕೇಳಿದರು. "ಮಗಳು ಅಂತ ಹೇಳ್ತಾ ಇದ್ದಾಳೆ, ಈ ಜಾಗದ ಮಗಳು" ಎಂದು ಮುಂದಿನವರು ತಿಳಿಸಿದರು. ಒಬ್ಬಾಕೆ ತನ್ನ ಮಗನ ಮದುವೆ ಯಾವಾಗ ಎಂದು ಕೇಳಿದಳು. ನಾನು ಅತ್ತುಬಿಟ್ಟೆ. ಅದನ್ನೂ ಶುಭವೆಂದರು.

ಒಳಗಿನ ಕೋಣೆಯಲ್ಲಿ ಮಲಗಿಸಿ ಎಳನೀರು ಕುಡಿಸಿದ ಮೇಲೆ ಕಾರ್ಯದರ್ಶಿ ಬಾಗಿಲು ಮುಂದೆ ಮಾಡಿಕೊಂಡು ನಿಂತರು. ಅವರೊಬ್ಬರಿಗೆ ಎಲ್ಲವೂ ಗೊತ್ತಿತ್ತು.

"ನೀವಾದರೂ ಹೊರಗೆ ಹೋಗಿ ನಿಜ ಹೇಳಿ" ಎಂದೆ.

"ಏನಂತ ಹೇಳಲ್ರಿ ಟೀಚರ? ಮಂದಿಗೆ ಸಮಾಧಾನ ಆಗೇದ. ನಿಮಗ ಕೈಮುಗದಾರ. ನಿಮ್ಮ ತಾಯಿಗೆ ಕೈಮುಗದಂಗ ಅಂತ ತಿಳಕೋರಿ."

ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಮರುವರ್ಷ ಪೂಜೆಗೆ ತಿಂಗಳಿರುವಾಗ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಬಂತು. ಇನ್ನು ಮುಂದೆ ಮೊದಲ ಎಲೆಗೆ ದೇವಿಯ ಸ್ಥಾನದಲ್ಲಿ ಒಬ್ಬ ಹೆಂಗಸನ್ನು ಕೂರಿಸಿ ಉಣಿಸಲಾಗುವುದು. ಮುತ್ತೈದೆಯಾಗಿರಬೇಕು, ಸಂಪ್ರದಾಯಸ್ಥ ಮನೆತನದವರಾಗಿರಬೇಕು, ಆಸಕ್ತರು ಕಮಿಟಿಗೆ ಹೆಸರು ಕೊಡಬೇಕು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದು ಕಳಿಸಿಯೂ ಬಿಟ್ಟೆ. ಅರ್ಧ ಗಂಟೆಯಲ್ಲಿ ಯಾರೋ ಅದನ್ನು ತೆಗೆದುಹಾಕಿದ್ದರು.

ಪೂಜೆಯ ದಿನ ಹೋಗಿ ನೋಡಿದೆ. ಮೂವತ್ತರ ಆಸುಪಾಸಿನ ಹುಡುಗಿ, ಹಸಿರು ರೇಷ್ಮೆ ಸೀರೆ, ಇಲ್ಲೇ ಹುಟ್ಟಿ ಬೆಳೆದವಳು. ಬಡಿಸುವುದಕ್ಕೆ ಇನ್ನೂ ಸಮಯವಿತ್ತು. ಎಲೆಯ ಮುಂದೆ ಒಬ್ಬಳೇ ಕೂತು ಫೋನ್ ನೋಡುತ್ತಿದ್ದಳು. ಪಕ್ಕದಲ್ಲಿ ಕೂತು, ಇದು ಯಾಕೆ ಮಾಡುತ್ತಾರೆ ಗೊತ್ತಾ ಎಂದು ಕೇಳಿದೆ.

"ಹಾಂ ಆಂಟಿ, ಇಲ್ಲಿ ಯಾವುದೋ ಅಜ್ಜಿಗೆ ದೇವಿ ಬಂದಿತ್ತಂತೆ. ಬಹೋತ್ ಸಾಲ್ ಪೆಹಲೇ." ಬಹಳ ವರ್ಷದ ಹಿಂದಂತೆ; ಆಗಿದ್ದು ಹೋದ ವರ್ಷ.

ಅವಳಿಗೆ ಎಲ್ಲವನ್ನೂ ಹೇಳಿದೆ. ಉಪ್ಪು ಕೋಸಂಬರಿಯಿಂದ ಹಿಡಿದು, ಅಮ್ಮ ಮೆಟ್ಟಿಲ ಮೇಲೆ ನಿಂತದ್ದರವರೆಗೆ. ಒಳ್ಳೆಯ ಹುಡುಗಿ, ಫೋನ್ ಬದಿಗಿಟ್ಟು ಕೇಳಿದಳು. ನಡುವೆ ಒಂದೆರಡು ಕನ್ನಡ ಪದ ತಿಳಿಯದೆ ಮತ್ತೆ ಕೇಳಿದಳು. ಕೊನೆಗೆ ನನ್ನ ಮೊಣಕೈ ಮುಟ್ಟಿ, "ಕಿತನಾ ಬುರಾ ಹೈ ಆಂಟಿ, ಎಷ್ಟು ಕೆಟ್ಟದು. ಆದ್ರೆ ಅದೆಲ್ಲ ಹಳೇ ಕಾಲ. ಈಗ ಜಾತಿ ಗೀತಿ ಯಾರು ನೋಡ್ತಾರೆ?" ಎಂದಳು.

"ನಿನ್ನನ್ನು ಹೇಗೆ ಆರಿಸಿದರು?"

"ಫಾರ್ಮ್ ಇತ್ತು. ಹೆಸರು, ಗಂಡನ ಹೆಸರು, ಊರು." ಒಂದು ಕ್ಷಣ ನೆನಪು ಮಾಡಿಕೊಂಡು, "ಗೋತ್ರ" ಎಂದಳು.

ಬಡಿಸುವವರು ಬಂದರು. ನಾನು ಎದ್ದೆ. ಮೇಲೆ ಹೋಗಲಿಲ್ಲ. ಸ್ಟೇಷನ್ನಿನ ಹೊರಗೆ ಒಂದು ವಡಾಪಾವ್ ತಿಂದು ಕಲ್ಯಾಣದ ಗಾಡಿ ಹತ್ತಿದೆ. ಅದಾದ ಮೇಲೆ ನಾನು ಸಂಘಕ್ಕೆ ಹೋಗಿಲ್ಲ. ತಿಂಗಳ ಸಭೆಯಲ್ಲಿ ನನ್ನ ಹತ್ತು ನಿಮಿಷವನ್ನು ಈಗ ಯೋಗ ಹೇಳಿಕೊಡುವವರಿಗೆ ಕೊಟ್ಟಿದ್ದಾರೆ ಎಂದು ಕೇಳಿದೆ.